ಗಂಟಿಲ್ಲದ ದಾರ

ಸರ್ಕಾರಿ ಕಚೇರಿಗಳಲ್ಲಿ ಮೇ 31 ಎಂದರೆ ಹಬ್ಬವೋ ಸೂತಕವೋ ತಿಳಿಯದ ದಿನ. ನಮ್ಮ ಕಾಲದ ಮಾಸ್ತರರು ಒಂದನೆಯ ಇಯತ್ತೆಗೆ ಹೆಸರು ಹಚ್ಚುವಾಗ, ಹುಟ್ಟಿದ ತಾರೀಖು ಗೊತ್ತಿಲ್ಲದ ಹುಡುಗರಿಗೆಲ್ಲ ಜೂನ್ 1 ಎಂದು ಬರೆದುಬಿಟ್ಟರು. 60 ತುಂಬಿದಾಗ ಅವರೆಲ್ಲ ಒಟ್ಟಿಗೇ ನಿವೃತ್ತರಾಗುತ್ತಾರೆ. ಒಂದೇ ಮಧ್ಯಾಹ್ನ ಮೂರು ಶಾಲು, ಮೂರು ಹಾರ (ಹಾವೇರಿ ಕಡೆಯ ನೆಂಟರಿದ್ದರೆ ಏಲಕ್ಕಿಯದು), ಮೂರು ಗೋಡೆ ಗಡಿಯಾರ. ಮಸ್ಟರಿನಲ್ಲಿ ಸಹಿ ಮಾಡುವ ಕಾಟ ತಪ್ಪಿದವನಿಗೆ ಗಡಿಯಾರವನ್ನೇ ಏಕೆ ಕೊಡುತ್ತಾರೋ!

ನಾನೂ ಜೂನ್ 1ರ ಹುಡುಗ. ಇನ್ನು ಹದಿನಾಲ್ಕು ತಿಂಗಳಿವೆ. ಸಿಕ್ಕವರೆಲ್ಲ ಕೇಳುವುದು ಒಂದೇ: "ಗಂಟು ಎಷ್ಟು ಬರುತ್ತದೆ ಸಾಹೇಬರೇ?" ಆಮೇಲೆ ಏನು ಮಾಡುತ್ತೀ ಎಂದು ಕೇಳಿದವಳು ಮಾಳಮಡ್ಡಿಯ ನಮ್ಮ ಅಕ್ಕ ಒಬ್ಬಳೇ. ಓದುತ್ತೇನೆ, ವಾಕಿಂಗ್ ಹೋಗುತ್ತೇನೆ ಎಂದೆ. "ಅದಕ್ಕೆ ನಿವೃತ್ತಿ ಏಕೆ ಬೇಕು ತಮ್ಮಾ? ಈಗೇನು ನಿನ್ನ ಕಾಲು ಕಟ್ಟಿದ್ದಾರೆಯೇ?" ಎಂದಳು.

ಹಿಂದಿನ ವರ್ಷ ನಿವೃತ್ತರಾದ ಹಿರಿಯರೊಬ್ಬರು ಎರಡು ತಿಂಗಳು ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಕಚೇರಿಗೇ ಬರುತ್ತಿದ್ದರು. ಮೊದಲ ವಾರ ಚಹಾ ತರಿಸಿದೆವು. ಮೂರನೆಯ ವಾರ ಅವರ ಕುರ್ಚಿ ಜಾಗ ಬದಲಿಸಿತು, ಫ್ಯಾನಿನ ಗಾಳಿ ತಾಗದ ಕಡೆಗೆ. ಅದನ್ನು ನೋಡಿದ ಮೇಲೆ ನನಗೆ ಅವಸರ ಹತ್ತಿತು. ಸಂಗೀತ ಕಲಿಯೋಣವೆಂದರೆ, ಮಲ್ಲಿಕಾರ್ಜುನ ಮನ್ಸೂರರು ಬಾಳಿದ ಧಾರವಾಡದಲ್ಲಿ ಈ ವಯಸ್ಸಿಗೆ 'ಸಾ' ಹಚ್ಚುವ ಧೈರ್ಯ ಬರಲಿಲ್ಲ. ನೆರೆಹೊರೆಯವರಿಗೂ ಕಿವಿಗಳಿವೆ.

ಅಕ್ಕನೇ ಕೈಗೆ ಸೂಜಿ ಕೊಟ್ಟಳು. ಕಸೂತಿ! ಮೂವತ್ತು ವರ್ಷ ದಬ್ಬಣ ಹಿಡಿದು ಕಡತ ಹೊಲಿದವನಿಗೆ ಇದು ಯಾವ ಲೆಕ್ಕ ಎಂದುಕೊಂಡೆ. ಲೆಕ್ಕವೇ ತೊಡಕಾಯಿತು. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವಂತಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸಿಯೇ ಹಾಕಬೇಕು. ಗವಂತಿ, ಮುರಗಿ, ನೇಯಿಗೆ, ಮೆಂತೆ ಎಂದು ನಾಲ್ಕು ಬಗೆ. ಗವಂತಿಯಲ್ಲಿ ಸೂಜಿ ಒಂದು ಹೊಲಿಗೆ ಬಿಟ್ಟು ಒಂದು ಹಾಕುತ್ತ ಹೋಗುತ್ತದೆ, ಬಿಟ್ಟ ಜಾಗಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಮರಳುತ್ತದೆ. ಮೇಲೂ ಕೆಳಗೂ ಒಂದೇ ಚಿತ್ರ. ಎಲ್ಲಿಯೂ ಗಂಟು ಹಾಕಬಾರದು. ಹೋಗುವಾಗ ಒಂದು ಎಳೆ ತಪ್ಪಿ ಎಣಿಸಿದರೆ ಬರುವಾಗ ದಾರ ಕೂಡುವುದೇ ಇಲ್ಲ. ಕಚೇರಿಯಲ್ಲಾದರೆ ಒಂದು ತಿದ್ದುಪಡಿ ಆದೇಶ ಹೊರಡಿಸಿ ಮುಗಿಸುತ್ತಿದ್ದೆ. ಇಲ್ಲಿ ಬಿಚ್ಚಬೇಕು.

ನನ್ನ ಮೊದಲ ತುಳಸಿಕಟ್ಟೆ ಮಳೆಗಾಲದ ಮಣ್ಣಿನ ಗೋಡೆಯಂತೆ ಎಡಕ್ಕೆ ವಾಲಿತ್ತು. ಹೆಂಡತಿ ನಕ್ಕಳು, ಆಮೇಲೆ ನನ್ನ ಕನ್ನಡಕ ಒರೆಸಿಕೊಟ್ಟಳು. ಅಂಗಿಗೆ ಅಂಟಿದ ಕೆಂಪು ದಾರವನ್ನು ಕಂಡು ಕಚೇರಿಯ ಜವಾನ ಏನೇನೋ ಊಹಿಸಿರಬೇಕು. ಆದರೆ ಭಾನುವಾರ ಬೆಳಿಗ್ಗೆ ಕುಳಿತವನಿಗೆ ಊಟದ ಹೊತ್ತು ಮೀರಿದ್ದು ಗೊತ್ತಾಗುವುದಿಲ್ಲ. ಕಡತದ ಮುಂದೆ ಹಾಗೆ ಎಂದೂ ಆಗಿರಲಿಲ್ಲ.

ಹೋದ ವಾರ ಕಟ್ಟೆ ನೆಟ್ಟಗೆ ನಿಂತಿತು. ಹೆಮ್ಮೆಯಿಂದ ಮಾಳಮಡ್ಡಿಗೆ ಒಯ್ದೆ. ಅಕ್ಕ ಮೇಲಿನ ಮಗ್ಗುಲನ್ನು ನೋಡಲೇ ಇಲ್ಲ. ಬಟ್ಟೆಯನ್ನು ಮಗುಚಿ, ಬೆರಳಾಡಿಸಿ, ಒಂದು ಕಡೆ ನಿಲ್ಲಿಸಿದಳು.

"ಗಂಟು ಹಾಕಿದ್ದೀಯಾ?"

"ಸಣ್ಣದು."

ಕತ್ತರಿ ಮುಂದೆ ಇಟ್ಟು ಚಹಾಕ್ಕೆ ಎದ್ದಳು. ಬಿಚ್ಚುತ್ತಿರುವಾಗ ಕಚೇರಿಯಿಂದ ಫೋನ್ ಬಂದಿತು, ಪಿಂಚಣಿಯ ಕಾಗದಗಳ ವಿಷಯ. ನಾಳೆ ನೋಡೋಣ ಎಂದೆ. ಅಷ್ಟರಲ್ಲಿ ಎಷ್ಟನೆಯ ಎಳೆಯಲ್ಲಿದ್ದೆನೋ ಮರೆತುಹೋಗಿತ್ತು.