ಸತ್ಯಾಂಶ: ಮೀನೆಣ್ಣೆ ಕ್ಯಾಪ್ಸೂಲ್ ಸಂಧಿವಾತದ ಮಾತ್ರೆಗೆ ಬದಲಿಯಲ್ಲ

“ರುಮಟಾಯ್ಡ್ ಸಂಧಿವಾತದ ಮಾತ್ರೆ ನಿಲ್ಲಿಸಿ, ಮೀನೆಣ್ಣೆ, ಅರಿಶಿನದ ಕ್ಯಾಪ್ಸೂಲ್ ತಗೊಳ್ಳಿ, ಬೇರುಸಮೇತ ಹೋಗುತ್ತೆ” ಅನ್ನೋ ಮೆಸೇಜ್ ವಾಟ್ಸಾಪಿನಲ್ಲಿ ಸುತ್ತುತ್ತಲೇ ಇದೆ. ಇದರಲ್ಲಿ ಚೂರು ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ.

ಮೀನೆಣ್ಣೆಯಲ್ಲಿರುವ ಒಮೆಗಾ-3 ಎಂಬ ಕೊಬ್ಬಿನಾಂಶ ಉರಿಯೂತವನ್ನು ತುಸು ತಗ್ಗಿಸುತ್ತದೆ. ದಿನಕ್ಕೆ ಸುಮಾರು 3 ಗ್ರಾಂ ಒಮೆಗಾ-3 ಕೊಟ್ಟ ಪ್ರಯೋಗಗಳಲ್ಲಿ ಕೆಲವರಿಗೆ ನೋವು, ಬೆಳಗಿನ ಬಿಗಿತ ಕಡಿಮೆಯಾಗಿದೆ. ಆದರೆ ಸಾಮಾನ್ಯ 1 ಗ್ರಾಂ ಕ್ಯಾಪ್ಸೂಲಿನಲ್ಲಿ ಒಮೆಗಾ-3 ಇರುವುದು ಸುಮಾರು 300 ಮಿಲಿಗ್ರಾಂ ಅಷ್ಟೇ. ಅದೂ ಅಲ್ಲದೆ, ಬಹುತೇಕ ಪ್ರಯೋಗಗಳಲ್ಲಿ ಅದನ್ನು ಕೊಟ್ಟಿದ್ದು ಮಾಮೂಲಿ ಔಷಧಿಯ ಜೊತೆಗೆ. ಮೆಸೇಜಿನಲ್ಲಿ ಈ ಮಾತೇ ಇರುವುದಿಲ್ಲ! ಅರಿಶಿನದ ಮೇಲಿನ ಅಧ್ಯಯನಗಳು ಇನ್ನೂ ಚಿಕ್ಕವು.

ನೋವು ತಗ್ಗುವುದು ಬೇರೆ, ರೋಗ ತಗ್ಗುವುದು ಬೇರೆ. ಈ ಕಾಯಿಲೆಯಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ದಾಳಿ ಮಾಡುತ್ತದೆ. ಪೊರೆ ಊದಿಕೊಂಡು ಮೂಳೆಯ ಅಂಚನ್ನು ಕೊರೆಯುತ್ತಾ ಹೋಗುತ್ತದೆ. ಎಷ್ಟೋ ಜನರಲ್ಲಿ ಮೊದಲ 2 ವರ್ಷದೊಳಗೇ ಇದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಕೊರೆದುಹೋದ ಮೂಳೆ ಮೊದಲಿನಂತಾಗುವುದು ತೀರಾ ಕಷ್ಟ. ಮೆಥೊಟ್ರೆಕ್ಸೇಟ್‌ನಂಥ ಔಷಧಿಗಳು ಈ ಹಾನಿಯನ್ನೇ ತಡೆಯುತ್ತವೆ. ಯಾವ ಕ್ಯಾಪ್ಸೂಲೂ ಅವುಗಳ ಬದಲಿಗೆ ನಿಲ್ಲಬಲ್ಲದು ಅಂತ ಸಾಬೀತಾಗಿಲ್ಲ.

ಮಾತ್ರೆಯಿಂದ ವಾಕರಿಕೆ, ಬಾಯಿಹುಣ್ಣು ಆಗುತ್ತೆ ಅಂತಲೇ ಹಲವರು ಬಿಡುತ್ತಾರೆ, ಅಲ್ವಾ? ಆ ಕಷ್ಟ ಸುಳ್ಳಲ್ಲ. ಸುಮ್ನೆ ಸಹಿಸಿಕೊಳ್ಳಬೇಡಿ, ಡಾಕ್ಟರಿಗೆ ಹೇಳಿ. ಫೋಲಿಕ್ ಆಸಿಡ್ (ಒಂದು ಬಿ ವಿಟಮಿನ್) ಕೊಡುವುದು, ಡೋಸ್ ಬದಲಿಸುವುದು, ಬೇರೆ ಔಷಧಿ ಹೀಗೆ ದಾರಿಗಳಿವೆ. ಸಪ್ಲಿಮೆಂಟ್ ತಗೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಜಾಸ್ತಿ ಮೀನೆಣ್ಣೆಯಿಂದ ರಕ್ತಸ್ರಾವದ ಅಪಾಯ ಹೆಚ್ಚಬಹುದು.