ಹೊಳಿ ದಂಡಿ ಕಸ ಯಾರದು?

ತುಂಗಭದ್ರೆ ದಂಡೆ ಗುಡಿಸಿ, ಚೀಲ ತುಂಬಿಸಿ, ಫೋಟೊ ಹಾಕೋರ ಮೇಲೆ ನನ್ನದೊಂದು ತಕರಾರಿದೆ. ಗುಡಿಸಿದ್ದು ಸರಿ. ಎಣಿಸಲಿಲ್ಲ ಯಾಕೆ?

ರಾಯಚೂರಿನವರಿಗೆ ಈ ಹೊಳೆಯೇ ಗಡಿ. ಈಚೆ ಬಿಚ್ಚಾಲಿ, ಆಚೆ ಆಂಧ್ರದ ಮಂತ್ರಾಲಯ. ನಮ್ಮವರನ್ನು ಕೇಳಿದರೆ "ಎಲ್ಲಾ ಆ ಕಡೀದ್ರಿ, ಮಠಕ್ಕ ಬರೋ ಮಂದೀದು" ಅಂತಾರೆ. ಆಚೆಯವರ ಬೆರಳು ಹೊಳೆಯ ಮೇಲ್ಗಡೆ ಇರೋ ನಮ್ಮ ಕಂಪ್ಲಿ, ಸಿರುಗುಪ್ಪದ ಕಡೆ.

ಒಂದು ರಾಶಿ ಬಿಡಿಸಿ ನೋಡಿ. ಸ್ನಾನ ಮಾಡಿ ಬಿಟ್ಟುಹೋದ ಬಟ್ಟೆ, ಅದರ ಮಡಿಕೆಯಲ್ಲಿ ಶಾಂಪೂ ಸ್ಯಾಶೆ, ಹಲ್ಲಿನಿಂದ ಹರಿದುಗಿದ ಅದರ ಮೂಲೆಚೂರು ಬೇರೆ. ಗುಟ್ಕಾ ಕರ್ನಾಟಕದಲ್ಲಿ 2013ರಿಂದ ನಿಷೇಧ. ಪಾನ್ ಮಸಾಲಾ ಪ್ಲಾಸ್ಟಿಕ್ ಸ್ಯಾಶೆಯಲ್ಲಿ ಮಾರಬಾರದು ಅಂತ 2016ರ ಕೇಂದ್ರದ ನಿಯಮವೇ ಇದೆ. ರಾಶಿಯಲ್ಲಿರೋ ಗುಟ್ಕಾ, ಪಾನ್ ಮಸಾಲಾ ಚೀಟಿಗಳಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

1986ರಲ್ಲಿ ಅಮೆರಿಕದ ಟೆಕ್ಸಾಸ್ ಕಡಲತೀರಕ್ಕೆ ಕಸ ಹೆಕ್ಕಲು ಬಂದ 2,800 ಜನ, ಸಿಕ್ಕಿದ್ದನ್ನೆಲ್ಲ ಕಾರ್ಡಿನಲ್ಲಿ ಬರೆದುಕೊಂಡರು. ಈಶಾನ್ಯ ಅಟ್ಲಾಂಟಿಕ್ ದೇಶಗಳು ಕಡಲು ಕಾಯೋ ಓಸ್ಪಾರ್ ಒಪ್ಪಂದದಡಿ ಇನ್ನೂ ಶಿಸ್ತು ಮಾಡಿಕೊಂಡವು: 100 ಮೀಟರ್ ತೀರ, ವರ್ಷಕ್ಕೆ 4 ಸಲ, ಎಲ್ಲ ದೇಶಕ್ಕೂ ಒಂದೇ ಪಟ್ಟಿ. ಯುರೋಪಿನ ತೀರಗಳಲ್ಲಿ ಅತಿ ಹೆಚ್ಚು ಸಿಕ್ಕ 10 ಬಗೆಯ ಪ್ಲಾಸ್ಟಿಕ್ ಯಾವುದು ಅಂತ ಇಂಥ ಎಣಿಕೆಯಿಂದ ತಿಳಿಯಿತು, ಒಮ್ಮೆ ಬಳಸಿ ಬಿಸಾಕೋ ಪ್ಲಾಸ್ಟಿಕ್ ತಡೆಯೋ ಯುರೋಪ್ ಒಕ್ಕೂಟದ 2019ರ ಕಾನೂನು ಅದರ ಮೇಲೇ ನಿಂತಿತು. ಬರೀ ಚೀಲ ತುಂಬಿಸಿದ್ದರೆ ಆಗುತ್ತಿತ್ತಾ?

"ಪ್ಯಾಕೆಟ್ ಮೇಲಿನ ಅಕ್ಷರ ನೋಡಿದ್ರ ಸಾಕಲ್ಲ" ಅನ್ನೋರೂ ಇದ್ದಾರೆ. ಸಾಲದು. ಆಚೆ ದಂಡೆಯಲ್ಲಿ ಕನ್ನಡದ ಹಾಲಿನ ಪ್ಯಾಕೆಟ್ ಸಿಕ್ಕರೆ ಬೆಂಗಳೂರಿನ ಭಕ್ತರು ಬಿಸಾಕಿದ್ದೋ, ಮೇಲಿಂದ ತೇಲಿ ಬಂದಿದ್ದೋ? ತೆಲುಗು ಪ್ಯಾಕೆಟ್ ರಾಯಚೂರಿನ ಅಂಗಡಿಯಲ್ಲೂ ಸಿಗುತ್ತೆ. ಅದೇ ಜಾಗವನ್ನು ಮತ್ತೆ ಮತ್ತೆ ಎಣಿಸಿದರಷ್ಟೇ ತಿಳಿಯೋದು. ಜನ ಸೇರಿದಾಗ ಏರಿದರೆ ಜನರದು, ಡ್ಯಾಮಿನ ಗೇಟು ತೆಗೆದಾಗ ಏರಿದರೆ ಮೇಲಿಂದ ಬಂದದ್ದು. ಫಜೀತಿ ಏನಂದರೆ ರಾಯರ ಆರಾಧನೆಯೂ ಶ್ರಾವಣದಲ್ಲೇ, ಹೊಳೆ ತುಂಬೋದೂ ಹೆಚ್ಚುಕಮ್ಮಿ ಆಗಲೇ. ಅದಕ್ಕೇ ನೀರಿಳಿದ ಬೇಸಿಗೆಯ ಲೆಕ್ಕವೂ ಬೇಕು.

ದುಡ್ಡೇನೂ ಬೇಡ. ಅಳತೆಗೆ ಹಗ್ಗ, ಕೈಗವಸು, ಒಂದು ನೋಟ್‌ಬುಕ್. ಬಿಚ್ಚಾಲಿ ಕಡೆ ನಾವು, ಆ ಕಡೆ ಅಲ್ಲಿಯ ಕಾಲೇಜು ಹುಡುಗರು, ಒಂದೇ ದಿನ, ಒಂದೇ ಪಟ್ಟಿ, ಕನ್ನಡದಲ್ಲೂ ತೆಲುಗಲ್ಲೂ. ಒಂದು ಸೂಚನೆ: ಮೊದಲ ಎಣಿಕೆಗೆ ಪುಢಾರಿಗಳನ್ನು ಕರೆಯಬೇಡಿ, ಹಾರ ತುರಾಯಿ ಸುತ್ತಿದ ಪ್ಲಾಸ್ಟಿಕ್ಕೂ ಲೆಕ್ಕಕ್ಕೆ ಸೇರುತ್ತೆ.

2028ಕ್ಕೆ ನಮ್ಮ ಜಿಲ್ಲೆಯ ಇನ್ನೊಂದು ಹೊಳೆ ಕೃಷ್ಣೆಯ ಪುಷ್ಕರ, ಅಂದರೆ 12 ವರ್ಷಕ್ಕೊಮ್ಮೆಯ ನದಿಸ್ನಾನದ ಹಬ್ಬ, ಬರುತ್ತೆ. ಅಷ್ಟರಲ್ಲಿ ಎರಡೂ ದಂಡೆಯ ಲೆಕ್ಕ ಕೈಯಲ್ಲಿದ್ದರೆ, ಸ್ನಾನಘಟ್ಟದ ಅಂಗಡಿಗಳಲ್ಲಿ ಯಾವುದು ಮಾರಬಾರದು ಅಂತ ಎರಡೂ ಜಿಲ್ಲಾಧಿಕಾರಿಗಳ ಮುಂದೆ ಪಟ್ಟಿ ಸಮೇತ ಕೂರಬಹುದು. ಬರೋರು ಕಮೆಂಟಲ್ಲಿ ಊರು ಬರೀರಿ.