ಡಿಸಿ ಸ್ನೇಹಾಗೆ ವರ್ಗಾವಣೆ ಕೊಡಬಹುದಿತ್ತಲ್ವಾ?

ನಿನ್ನೆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಮುಗಿದು ಹೋದ ಧಾರಾವಾಹಿಗೆ ಈಗ ಯಾಕೆ ಸಿಟ್ಟು ಅಂತ ಕೇಳಬೇಡಿ. ಸಿಟ್ಟು ಬಂದಿದೆ, ಬರೆದೇ ಮಲಗುತ್ತೇನೆ.

ಗಂಗಾವತಿಗೆ ತಂಗಿ ಮನೆಗೆ ಬಂದಿದ್ದೇನೆ. ಊಟ ಆದ ಮೇಲೆ ಅವಳು ಮೊಬೈಲ್‌ನಲ್ಲಿ ‘ಪುಟ್ಟಕ್ಕನ ಮಕ್ಕಳು’ ಹಚ್ಚಿದಳು. ಸ್ನೇಹಾ ಸಾಯುವ ಸಂಚಿಕೆ. ಬೇಡ ಅಂದೆ. ಅಂದವಳೇ ಕೂತು ಪೂರ್ತಿ ನೋಡಿದೆ, ಮತ್ತೊಮ್ಮೆ ಅತ್ತೆ. ಪಕ್ಕದಲ್ಲಿ ತಂಗಿ ಮಗಳಿದ್ದಳು, ಹತ್ತನೇ ಕ್ಲಾಸು. ಮುಗಿದ ಮೇಲೆ, “ದೊಡ್ಡವ್ವ, ಅಷ್ಟ್ ಓದಿ ಡಿಸಿ ಆದಾಕಿನ್ನ ಯಾಕ ಸಾಯಿಸಿದ್ರು?” ಅಂದಳು. ನಾನು ಏನೂ ಹೇಳಲಿಲ್ಲ. ಹೇಳಲಿಕ್ಕೆ ಏನಿತ್ತು?

ನಮ್ಮವ್ವನ ಖಾನಾವಳಿ ನಿಮಗೆಲ್ಲ ಗೊತ್ತು. ನಿಮ್ಮಲ್ಲಿ ಅರ್ಧ ಮಂದಿ ಅಲ್ಲಿ ಉಂಡವರೇ. ಬೆಳಗ್ಗೆ ಐದಕ್ಕೆ ಒಲೆ ಹಚ್ಚಿದರೆ ಮಧ್ಯಾಹ್ನದ ಹೊತ್ತಿಗೆ ಅವ್ವನ ಮೊಣಕೈವರೆಗೂ ಜೋಳದ ಹಿಟ್ಟು. ರೊಟ್ಟಿ ಬಡಿದು ಬಡಿದು ಬಲಗೈ ಅಂಗೈ ಎಷ್ಟು ಗಟ್ಟಿಯಾಗಿದೆ ಅಂದರೆ ಬಿಸಿ ಹಂಚಿನ ಅಂಚು ತಾಗಿದರೂ ಅವ್ವನಿಗೆ ಗೊತ್ತಾಗುವುದಿಲ್ಲ. ಅಂಥ ಅವ್ವ ಸಂಜೆ ಏಳೂವರೆ ಆಯಿತು ಅಂದರೆ ಕೈ ತೊಳೆದು ಟಿವಿ ಮುಂದೆ ಕೂರುತ್ತಿದ್ದಳು. ರಿಮೋಟಿಗೆ ಪ್ಲಾಸ್ಟಿಕ್ ಕವರ್ ಸುತ್ತಿಟ್ಟಿದ್ದಳು, ಹಿಟ್ಟಿನ ಕೈ ತಾಗಬಾರದು ಅಂತ. ಆ ಹೊತ್ತಿಗೆ ಊಟಕ್ಕೆ ಬಂದವರೂ ಪುಟ್ಟಕ್ಕನ ಕಥೆ ನೋಡುತ್ತಲೇ ರೊಟ್ಟಿ ಮುರಿಯಬೇಕು.

ಯಾಕೆ ಅಂದರೆ ಪುಟ್ಟಕ್ಕನದ್ದೂ ಮೆಸ್ಸು. ಅವಳಿಗೂ ಹೆಣ್ಣುಮಕ್ಕಳೇ. ಗಂಡು ಹುಟ್ಟಲಿಲ್ಲ ಅಂತ ಗಂಡ ಬಿಟ್ಟು ಇನ್ನೊಬ್ಬಳ ಹಿಂದೆ ಹೋದ. ಸಹನಾ, ಸ್ನೇಹಾ, ಸುಮಾ ಮೂವರನ್ನೂ ಅವಳು ಅನ್ನ ಬಡಿಸಿ ಸಾಕಿದಳು. 2021ರ ಡಿಸೆಂಬರ್‌ನಲ್ಲಿ ಇದು ಶುರುವಾದಾಗ ಮೊದಲ ವಾರವೇ ಅವ್ವ, “ಇದು ನಮ್ ಮನಿ ಕಥಿ ಐತಿ” ಅಂದಿದ್ದಳು. ಉಮಾಶ್ರೀ ಅವರು ಒಲೆ ಮುಂದೆ ನಿಂತರೆ ನಟನೆ ಅಂತ ಅನ್ನಿಸುವುದೇ ಇಲ್ಲ. ರಾಷ್ಟ್ರಪ್ರಶಸ್ತಿ ಪಡೆದ ಕಲಾವಿದೆ ದಿನಾ ಸಂಜೆ ನಮ್ಮ ಖಾನಾವಳಿಗೆ ಬಂದು ಹೋಗುತ್ತಿದ್ದರು ಅನ್ನುವ ಖುಷಿ ಇವತ್ತಿಗೂ ಇದೆ. ಮಂಜುಭಾಷಿಣಿ ಅವರ ಬಡ್ಡಿ ಬಂಗಾರಮ್ಮನನ್ನೂ ಮರೆಯಲಾರೆ. ಆ ಗತ್ತು ಬೇರೆ ಯಾರಿಗೆ ಬರಬೇಕು.

ಆದರೆ ನಮ್ಮ ಜೀವ ಇದ್ದದ್ದು ಸ್ನೇಹಾ ಮೇಲೆ. ತಪ್ಪು ಕಂಡರೆ ಎದುರು ಮಾತಾಡುವ ಹುಡುಗಿ. ಅವಳು ಡಿಸಿ ಆದಾಗ ಖಾನಾವಳಿಯಲ್ಲಿ ಅವ್ವ ಎಲ್ಲರಿಗೂ ಒಂದೊಂದು ಶೇಂಗಾ ಹೋಳಿಗೆ ಹಾಕಿದಳು. ಸುಳ್ಳಲ್ಲ, ನಾನೇ ಬಡಿಸಿದ್ದೇನೆ. ಗಂಡುಮಗ ಇಲ್ಲ ಅಂತ ಬಿಟ್ಟು ಹೋದ ಗಂಡನಿಗೆ ಆ ಕಥೆ ಕೊಟ್ಟ ಉತ್ತರವೇ ಸ್ನೇಹಾ. ಆ ಉತ್ತರವನ್ನೇ ಅಳಿಸಿಬಿಟ್ಟರು.

2024ರಲ್ಲಿ ಆ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಧಾರಾವಾಹಿ ಬಿಟ್ಟರು, ಬರೆಯುವವರಾದರೂ ಏನು ಮಾಡಬೇಕು ಅಂತ ಗೆಳತಿಯೊಬ್ಬಳು ಆಗಲೇ ವಾದಿಸಿದ್ದಳು. ನಟಿ ಬಿಡುವುದು ಅವರ ಇಷ್ಟ, ಅದಕ್ಕೆ ನನ್ನ ತಕರಾರಿಲ್ಲ. ಧಾರಾವಾಹಿಯಲ್ಲಿ ಮುಖ ಬದಲಾಗುವುದು ಹೊಸದಾ? ಒಂದು ವಾರ ಒಗ್ಗುವುದಿಲ್ಲ, ಆಮೇಲೆ ಒಗ್ಗುತ್ತದೆ. ಹೊಸ ಮುಖ ಬೇಡ ಅಂದರೆ ವರ್ಗಾವಣೆ ಮಾಡಿ! ಅವಳು ಡಿಸಿ. ನಮ್ಮ ಕೊಪ್ಪಳ 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆ ಆದಾಗಿನಿಂದ ಎಷ್ಟು ಡಿಸಿಗಳು ಬಂದರು, ಎಷ್ಟು ಜನ ಹೋದರು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು. ಸ್ನೇಹಾಳನ್ನು ಬೀದರ್‌ಗೆ ಕಳಿಸಿ, ಚಾಮರಾಜನಗರಕ್ಕೆ ಕಳಿಸಿ. ವಾರಕ್ಕೊಮ್ಮೆ ಅವ್ವನಿಗೆ ಫೋನ್ ಮಾಡಲಿ. ಪುಟ್ಟಕ್ಕ ಫೋನ್ ಹಿಡಿದು “ಉಂಡೇನವ್ವಾ” ಅಂದರೆ ನಮಗೆ ಸಾಕಿತ್ತು. ಅದೇ ಕಥೆಯಲ್ಲಿ ಸತ್ತಳು ಅಂದುಕೊಂಡ ಸಹನಾ ಜೀವಂತ ತಿರುಗಿ ಬಂದಳು. ಅಷ್ಟು ದೊಡ್ಡ ತಿರುವು ಬರೆಯಬಲ್ಲವರಿಗೆ ಒಂದು ಸಣ್ಣ ವರ್ಗಾವಣೆ ಆದೇಶ ಬರೆಯಲು ಆಗಲಿಲ್ಲ.

ಸತ್ತ ಸ್ನೇಹಾಳ ಹೃದಯವನ್ನು ಇನ್ನೊಬ್ಬಳಿಗೆ ಕೊಡಿಸಿ ಹೃದಯ ದಾನದ ಸಂದೇಶ ಕೊಟ್ಟರಲ್ಲ, ಅದು ಒಳ್ಳೆಯದಲ್ವಾ ಅಂತ ತಂಗಿ ಕೇಳಿದಳು. ಸಂದೇಶ ಒಳ್ಳೆಯದೇ. 2021ರಲ್ಲಿ ಸಂಚಾರಿ ವಿಜಯ್ ಅವರ ಅಂಗಾಂಗ ದಾನ ಮಾಡಿದರು. ಅದೇ ವರ್ಷ ಪುನೀತ್ ಅವರ ಕಣ್ಣು ನಾಲ್ಕು ಜನಕ್ಕೆ ಬೆಳಕಾಯಿತು. ಆ ಸುದ್ದಿ ಕೇಳಿಯೇ ನಮ್ಮವ್ವನೂ ನೇತ್ರದಾನಕ್ಕೆ ಹೆಸರು ಬರೆಸಿದ್ದಾಳೆ. ಆದರೆ ಇಲ್ಲಿ ಆದದ್ದೇನು? ಹೃದಯ ಪಡೆದವಳ ಹೆಸರೂ ಸ್ನೇಹಾ. ಆ ಹೃದಯದ ನೆಪದಲ್ಲಿ ಅವಳು ಸತ್ತ ಸ್ನೇಹಾಳ ಗಂಡ ಕಂಠಿಯ ಬದುಕಿಗೆ ಬಂದಳು. ನಿಜದಲ್ಲಿ ದಾನಿ ಯಾರು, ಪಡೆದವರು ಯಾರು ಅಂತ ಎರಡೂ ಮನೆಯವರಿಗೆ ಸಾಮಾನ್ಯವಾಗಿ ಹೇಳುವುದೇ ಇಲ್ಲ. ಹೃದಯ ತೆಗೆದ ಮೇಲೆ ಸುಮಾರು ನಾಲ್ಕು ಗಂಟೆಯೊಳಗೆ ಇನ್ನೊಬ್ಬರಿಗೆ ಹಾಕಬೇಕು. ಅದಕ್ಕೇ ರಸ್ತೆ ಖಾಲಿ ಮಾಡಿಸಿ ಆಂಬುಲೆನ್ಸ್ ಓಡಿಸುತ್ತಾರೆ. ಅದನ್ನೇ ನಾಲ್ಕು ದಿನ ತೋರಿಸಿದ್ದರೆ ಎಷ್ಟು ಮನೆಗೆ ತಿಳಿವಳಿಕೆ ಬರುತ್ತಿತ್ತು. ಹೃದಯ ರಕ್ತ ಪಂಪ್ ಮಾಡುತ್ತದೆ. ಗಂಡನ ನೆನಪನ್ನು ಹೊತ್ತು ತರುವುದಿಲ್ಲ.

ನನಗೆ ಜಾಸ್ತಿ ನೋವಾದದ್ದು ಇಲ್ಲಿಯೇ. ಕಂಠಿಯ ಪಕ್ಕದ ಜಾಗ ಖಾಲಿ ಆಯಿತು ಅಂತ ಕಥೆಗೆ ಚಿಂತೆಯಾಯಿತು, ಅದನ್ನು ತುಂಬಲು ಇನ್ನೊಬ್ಬಳನ್ನು ಹುಡುಕಿ ತಂದರು. ಡಿಸಿ ಕುರ್ಚಿ ಖಾಲಿ ಆಯಿತಲ್ಲ, ಪುಟ್ಟಕ್ಕ ಅನ್ನ ಬಡಿಸಿ ಬಡಿಸಿ ಮಗಳನ್ನು ಕೂರಿಸಿದ ಕುರ್ಚಿ, ಅದು ಯಾರಿಗೂ ನೆನಪಾಗಲಿಲ್ಲ. ಹೆಂಡತಿಯ ಜಾಗಕ್ಕೆ ಹೆಸರು ಒಂದೇ ಇದ್ದರೆ ನಡೆಯುತ್ತದೆ ಅಂತಲಾ?

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಪಿಯುಸಿ ಆದ ಮೇಲೆ ನಾನು ಕಾಲೇಜು ಬಿಟ್ಟದ್ದು ಅವ್ವನಿಗೆ ಕೈ ಸಾಲುತ್ತಿರಲಿಲ್ಲ ಅಂತ. ನನಗೆ ಓದುವ ಮನಸ್ಸಿರಲಿಲ್ಲ ಅಂತ ನೀವೆಲ್ಲ ತಿಳಿದಿದ್ದೀರಿ, ನಾನೂ ಹಾಗೇ ಹೇಳಿಕೊಂಡು ಬಂದೆ. ಮನಸ್ಸಿತ್ತು. ಬಹಳ ಇತ್ತು. ಸ್ನೇಹಾ ಸತ್ತ ರಾತ್ರಿ ಅವ್ವ ಟಿವಿ ಆರಿಸಿ, ನನ್ನ ಮುಖ ನೋಡದೆ, “ನಿನ್ನೂ ಓದಿಸ್ಬೇಕಿತ್ತು” ಅಂದು ಒಳಗೆ ಹೋದಳು. ಮರುದಿನದಿಂದ ಅವ್ವ ಆ ಧಾರಾವಾಹಿ ನೋಡಲಿಲ್ಲ. ಪ್ಲಾಸ್ಟಿಕ್ ಕವರ್ ಸುತ್ತಿದ ರಿಮೋಟ್ ಬಹಳ ದಿನ ಗಡಿಯಾರದ ಹಿಂದೆಯೇ ಇತ್ತು.

ಈಗ ತಂಗಿ ಮಗಳು ಒಳಗೆ ಗಣಿತ ಮಾಡುತ್ತಿದ್ದಾಳೆ. ಬೆಳಗ್ಗೆ ಎದ್ದ ಕೂಡಲೇ ಅವಳಿಗೆ ಉತ್ತರ ಹೇಳಿದೆ. “ಆಕಿ ಸತ್ತಿಲ್ಲ, ರಾಯಚೂರಿಗೆ ಟ್ರಾನ್ಸ್‌ಫರ್ ಆಗ್ಯಾಳ” ಅಂದೆ. ಅವಳು ನನ್ನನ್ನೇ ನೋಡಿದಳು. “ಹಂಗಾರ ಮುಂದ ಕೊಪ್ಪಳಕ್ಕ ಯಾರ್ ಬರ್ತಾರ?” ಅಂದಳು.